ಪ್ಯಾಕೆಟ್ ತಿರುಗಿಸಿ ಹಿಂದೆ ನೋಡಿ: ಮರಿ ನಾಯಿ ಡ್ರೈ ಫುಡ್ ಬಗ್ಗೆ ಮಾತಾಡಿದ್ದು

ಮೈಸೂರಲ್ಲಿ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಭಾನುವಾರ ಮಾತಾಡಿದ್ದನ್ನ ಕೆಲವರು ಬರೆದು ಕೊಡಿ ಅಂತ ಕೇಳಿದ್ರು, ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಬರ್ದಿದೀನಿ. ಮಧ್ಯೆ ಮರಿಗಳು ಬೊಗಳಿದ್ದು, ಕರೆಂಟ್ ಹೋಗಿದ್ದು ಎಲ್ಲ ತೆಗ್ದಿದೀನಿ, ಉಳಿದಿದ್ದು ಹೆಚ್ಚುಕಮ್ಮಿ ಮಾತಾಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟ್ರಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ, ಮರಿಗೆ ಹುಷಾರಿಲ್ಲ ಅಂದ್ರೆ ನನ್ನ ಹತ್ರ ಬರಬೇಡಿ. ಹನ್ನೊಂದು ವರ್ಷ ಪೆಟ್ ಶಾಪ್ ಇಟ್ಕೊಂಡಿದ್ದೆ, ಹೋದ ವರ್ಷ ಬಾಗಿಲು ಹಾಕ್ದೆ, ಹಂಗಾಗಿ ಇವತ್ತು ನಿಮಗೆ ಮಾರೋಕೆ ನನ್ನ ಹತ್ರ ಏನೂ ಇಲ್ಲ, ಧೈರ್ಯವಾಗಿ ಕೂತ್ಕೊಳ್ಳಿ.

ಅಂಗಡಿಗೆ ಹೊಸ ಮರಿ ತಂದೋರು ಬಂದ್ರೆ ಎರಡೇ ಪ್ರಶ್ನೆ ಕೇಳೋರು. ಒಂದು, ಯಾವುದು ಬೆಸ್ಟು? ಇನ್ನೊಂದು, ಕೆಜಿ ಎಷ್ಟು? ಮೊದಲನೇದಕ್ಕೆ ನಾನು ಯಾವುದರಲ್ಲಿ ನನಗೆ ಮಾರ್ಜಿನ್ ಜಾಸ್ತಿನೋ ಅದನ್ನ ತೋರಿಸ್ತಿದ್ದೆ, ನಾಚಿಕೆ ಇಲ್ಲದೆ ಹೇಳ್ತೀನಿ, ಎಲ್ಲ ಅಂಗಡಿಯೋರೂ ಅದನ್ನೇ ಮಾಡೋದು. ಎರಡನೇ ಪ್ರಶ್ನೆಗೆ ನಿಜವಾದ ರೇಟೇ ಹೇಳ್ತಿದ್ದೆ, ಆದ್ರೆ ಆ ಪ್ರಶ್ನೆನೇ ತಪ್ಪು. ಕೆಜಿ ಎಷ್ಟು ಅಂತಲ್ಲ ಕೇಳ್ಬೇಕಾಗಿದ್ದು, ನನ್ನ ಮರಿಗೆ ದಿನಕ್ಕೆ ಎಷ್ಟಾಗತ್ತೆ ಅಂತ. ಅದಕ್ಕೆ ಆಮೇಲೆ ಬರ್ತೀನಿ, ಲೆಕ್ಕ ಹಾಕೇ ತೋರಿಸ್ತೀನಿ.

ಮೊದಲು ಈ ಡ್ರೈ ಫುಡ್ ಕಾಳು ಹೆಂಗೆ ತಯಾರಾಗತ್ತೆ ಅಂತ ಗೊತ್ತಿರಲಿ, ಯಾಕಂದ್ರೆ ಅದು ಗೊತ್ತಾದ್ರೆ ಅರ್ಧ ಮೋಸ ತಾನಾಗೇ ಗೊತ್ತಾಗತ್ತೆ. ಚಕ್ಕುಲಿ ಒರಳು ನೋಡಿದೀರಲ್ವಾ, ಅದೇ ತತ್ವ. ಮೆಕ್ಕೆಜೋಳ, ಅಕ್ಕಿ, ಗೋಧಿ, ಒಣಗಿಸಿ ಪುಡಿ ಮಾಡಿದ ಮಾಂಸ, ಸೋಯಾ, ವಿಟಮಿನ್ ಪುಡಿ ಎಲ್ಲ ಸೇರಿಸಿ ಹಬೆ ಕೊಟ್ಟು ಹಿಟ್ಟು ಮಾಡಿ ಒಂದು ದೊಡ್ಡ ಸ್ಕ್ರೂನಲ್ಲಿ ಒತ್ತಡದಲ್ಲಿ ತಳ್ತಾರೆ, ತೂತಿಂದ ಹೊರಗೆ ಬರ್ತಿದ್ದಂಗೇ ಉಬ್ಬತ್ತೆ, ಚಾಕು ಕತ್ತರಿಸತ್ತೆ, ಒಣಗಿಸ್ತಾರೆ. 1957ರಲ್ಲಿ ಅಮೆರಿಕದಲ್ಲಿ ಪ್ಯೂರಿನಾ ಕಂಪನಿ ಬೆಳಗಿನ ತಿಂಡಿಯ ಸೀರಿಯಲ್ ಮಾಡೋ ಮೆಷಿನ್ ವಿಧಾನವನ್ನೇ ನಾಯಿ ಫುಡ್‌ಗೆ ತಂದಿದ್ದು. ಉಬ್ಬಬೇಕು ಅಂದ್ರೆ ಪಿಷ್ಟ ಬೇಕೇ ಬೇಕು, ಅದಕ್ಕೇ ಧಾನ್ಯನೇ ಇಲ್ಲ ಅಂತ ದೊಡ್ಡದಾಗಿ ಬರ್ಕೊಂಡಿರೋದರಲ್ಲೂ ಆಲೂಗಡ್ಡೆನೋ ಬಟಾಣಿನೋ ಇದ್ದೇ ಇರತ್ತೆ. ಆ ಧಾನ್ಯ ಇಲ್ಲದ ಫುಡ್ ಬಗ್ಗೆ ಇನ್ನೊಂದು ಮಾತು, ಬಟಾಣಿ ಬೇಳೆ ಜಾಸ್ತಿ ಇರೋ ಅಂಥ ಫುಡ್ಡಿಗೂ ನಾಯಿಗಳ ಒಂದು ಹೃದಯದ ಕಾಯಿಲೆಗೂ ಸಂಬಂಧ ಇದೆಯಾ ಅಂತ 2018ರಲ್ಲಿ ಅಮೆರಿಕದ ಆಹಾರ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನಿಖೆ ಶುರು ಮಾಡ್ತು. ಕಾರಣ ಇಂಥದ್ದೇ ಅಂತ ಗಟ್ಟಿಯಾಗಿ ಸಾಬೀತಾಗಿಲ್ಲ, ಆದ್ರೆ ಅಕ್ಕಿ ತಿಂದು ಅರಗಿಸ್ಕೊಳ್ಳೋ ಮರಿಗೆ ಡಬಲ್ ದುಡ್ಡು ಕೊಟ್ಟು ಬಟಾಣಿ ತಿನ್ನಿಸೋದರಲ್ಲಿ ನನಗಂತೂ ಅರ್ಥ ಕಾಣ್ಸಲ್ಲ.

ಒಣಗಿಸಿದ ಮೇಲೆ ಕೊನೆಗೊಂದು ಕೆಲಸ ಇದೆ, ಒಗ್ಗರಣೆ ಅನ್ಕೊಳ್ಳಿ. ಕಾಳಿನ ಮೇಲೆ ಕೊಬ್ಬು, ಮಾಂಸದ ರಸದಿಂದ ಮಾಡಿದ ರುಚಿ ಎರಡನ್ನೂ ಸ್ಪ್ರೇ ಮಾಡ್ತಾರೆ. ನಮ್ಮ ಮರಿ ಮುಗಿಬಿದ್ದು ತಿನ್ನತ್ತೆ ಸಾರ್, ಅದಕ್ಕೇ ಇದು ಒಳ್ಳೇದು ಅಂತಾರಲ್ಲ, ಮರಿ ಮುಗಿಬೀಳೋದು ಆ ಒಗ್ಗರಣೆಗೆ. ಕುರ್ಕುರೆಗೆ ನಮ್ಮ ಮಕ್ಕಳೂ ಮುಗಿಬೀಳ್ತಾರೆ.

ಈಗ ಪ್ಯಾಕೆಟ್ ಕೈಗೆ ತಗೊಳ್ಳಿ, ತಂದಿರೋರು ತಿರುಗಿಸಿ. ಮುಂದುಗಡೆ ಫೋಟೋ, ಹೊಳೆಯೋ ಕೂದಲ ಮರಿ, ಚಿಕನ್ ಕಾಲು, ಕ್ಯಾರೆಟ್, ಅದೆಲ್ಲ ನಿಮಗೆ. ಮರಿಗೆ ಬೇಕಾಗಿದ್ದು ಹಿಂದುಗಡೆ ಇರುವೆ ಕಾಲಿನಂಥ ಅಕ್ಷರದಲ್ಲಿದೆ. ಅಲ್ಲಿ ಮೊದಲು ಹುಡುಕಬೇಕಾಗಿದ್ದು ಪ್ರೋಟೀನ್ ಅಲ್ಲ, ಎಲ್ಲರೂ ಅದನ್ನೇ ಹುಡುಕ್ತಾರೆ. ಮೊದಲು ಹುಡುಕಬೇಕಾಗಿದ್ದು ಒಂದು ವಾಕ್ಯ, ಇದು ಬೆಳೆಯೋ ಮರಿಗೆ ಸಂಪೂರ್ಣ ಮತ್ತು ಸಮತೋಲನದ ಆಹಾರ, ಇಂಥ ಮಾನದಂಡದ ಪ್ರಕಾರ ಅಂತ. ಅಮೆರಿಕದ ಮಾನದಂಡಕ್ಕೆ ಆಫ್ಕೋ (AAFCO) ಅಂತಾರೆ, ಯೂರೋಪಿನದಕ್ಕೆ ಫೆಡಿಯಾಫ್ (FEDIAF), ನಮ್ಮಲ್ಲಿ ಸಿಗೋ ಒಳ್ಳೆ ಪ್ಯಾಕೆಟ್‌ಗಳಲ್ಲಿ ಎರಡರಲ್ಲಿ ಒಂದರ ಹೆಸರು ಇರತ್ತೆ. ಗ್ರೋತ್ ಅಂತ ಇರ್ಬೇಕು, ಇಲ್ಲಾ ಆಲ್ ಲೈಫ್ ಸ್ಟೇಜಸ್ ಅಂತ ಇರ್ಬೇಕು. ಮೇಂಟೆನೆನ್ಸ್ ಅಂತ ಇದ್ರೆ ಅದು ಬೆಳೆದು ಮುಗಿದ ನಾಯಿಗೆ, ವಾಪಸ್ ಶೆಲ್ಫಲ್ಲಿ ಇಡಿ. ಸಪ್ಲಿಮೆಂಟಲ್, ಕಾಂಪ್ಲಿಮೆಂಟರಿ ಅಂತ ಇದ್ರೆ ಅದು ಊಟನೇ ಅಲ್ಲ, ಉಪ್ಪಿನಕಾಯಿ. ಇನ್ನೊಂದು, ಆಫ್ಕೋ ಅಪ್ರೂವ್ಡ್ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಆ ಸಂಸ್ಥೆ ಯಾವ ಫುಡ್ಡನ್ನೂ ಟೆಸ್ಟ್ ಮಾಡಲ್ಲ, ಅಪ್ರೂವೂ ಮಾಡಲ್ಲ, ಇಷ್ಟಿಷ್ಟಿರ್ಬೇಕು ಅಂತ ಪಟ್ಟಿ ಕೊಡತ್ತೆ ಅಷ್ಟೆ, ಅದರ ಪ್ರಕಾರ ಮಾಡಿದೀವಿ ಅಂತ ಕಂಪನಿ ಹೇಳ್ಕೊಳ್ಳತ್ತೆ.

ಪ್ರೋಟೀನಿಗೆ ಬರೋಣ. ಮರಿ ಫುಡ್ಡಲ್ಲಿ ನೀರಿನಂಶ ಬಿಟ್ಟು ಲೆಕ್ಕ ಹಾಕಿದ್ರೆ ಕನಿಷ್ಠ 22.5% ಪ್ರೋಟೀನ್, 8.5% ಕೊಬ್ಬು ಇರ್ಬೇಕು ಅಂತ ಆಫ್ಕೋ ಪಟ್ಟಿ. ಪ್ಯಾಕೆಟ್ಟಲ್ಲಿ 24 ಅಂತ ಬರ್ದು ತೇವಾಂಶ 10 ಅಂತ ಬರ್ದಿದ್ರೆ, 24ನ್ನ 90ರಿಂದ ಭಾಗಿಸಿ ನೂರರಿಂದ ಗುಣಿಸಿ, 26.7 ಬರತ್ತೆ. ಅಂದ್ರೆ ಅಂಗಡೀಲಿರೋ ಅಗ್ಗದ ಪಪ್ಪಿ ಫುಡ್ಡೂ ಈ ಪರೀಕ್ಷೆ ಪಾಸಾಗತ್ತೆ. ಹಂಗಾದ್ರೆ ಎಲ್ಲಾ ಒಂದೇನಾ? ಅಲ್ಲ, ಇಲ್ಲೊಂದು ಕಥೆ ಇದೆ.

ಪ್ರೋಟೀನ್ ಎಷ್ಟಿದೆ ಅಂತ ಲ್ಯಾಬಲ್ಲಿ ನೇರವಾಗಿ ಅಳೆಯಲ್ಲ, ನೈಟ್ರೋಜನ್ ಎಷ್ಟಿದೆ ಅಂತ ಅಳೆದು ಅದನ್ನ 6.25ರಿಂದ ಗುಣಿಸ್ತಾರೆ. 1883ರಲ್ಲಿ ಡೆನ್ಮಾರ್ಕಿನ ಒಂದು ಬಿಯರ್ ಕಂಪನಿ ಲ್ಯಾಬಲ್ಲಿ ಯೊಹಾನ್ ಜೆಲ್ಡಾಲ್ ಅನ್ನೋರು ಕಂಡುಹಿಡಿದ ವಿಧಾನ, ಇವತ್ತಿಗೂ ನಡೀತಿದೆ. ಆ ಟೆಸ್ಟಿಗೆ ಕೋಳಿ ಎದೆ ಮಾಂಸನೂ ಒಂದೇ, ಕೋಳಿ ಪುಕ್ಕನೂ ಒಂದೇ, ಎರಡರಲ್ಲೂ ನೈಟ್ರೋಜನ್ ಇದೆ. 2007ರಲ್ಲಿ ಅಮೆರಿಕದಲ್ಲಿ ನಾಯಿ ಬೆಕ್ಕುಗಳು ಕಿಡ್ನಿ ಹೋಗಿ ಸಾಯೋಕೆ ಶುರುವಾದ್ವು, ಹುಡುಕಿದ್ರೆ ಚೀನಾದಿಂದ ತರಿಸಿದ್ದ ಗೋಧಿ ಗ್ಲುಟನ್‌ಗೆ, ಅಂದ್ರೆ ಗೋಧಿಯಿಂದ ತೆಗೆದ ಪ್ರೋಟೀನ್ ಪುಡಿಗೆ, ಮೆಲಮಿನ್ ಬೆರೆಸಿದ್ರು, ತಟ್ಟೆ ಲೋಟ ಮಾಡೋ ಪ್ಲಾಸ್ಟಿಕ್ಕಿಗೆ ಹಾಕೋ ಕೆಮಿಕಲ್ಲು, ಅದರಲ್ಲಿ ನೈಟ್ರೋಜನ್ ತುಂಬಿದೆ, ಟೆಸ್ಟಲ್ಲಿ ಪ್ರೋಟೀನ್ ಜಾಸ್ತಿ ತೋರಿಸ್ತು. ಮಾರನೇ ವರ್ಷ ಚೀನಾದಲ್ಲೇ ಎಳೆ ಮಕ್ಕಳ ಹಾಲಿನ ಪುಡೀಲೂ ಅದೇ ಸಿಕ್ತು, ನಿಮಗೆ ನೆನಪಿರಬಹುದು.

ಅದಕ್ಕೇ ನಂಬರ್ ಜೊತೆಗೆ ಇಂಗ್ರೀಡಿಯೆಂಟ್ ಪಟ್ಟಿ ಓದಿ ಅನ್ನೋದು. ಯಾವುದು ತೂಕದಲ್ಲಿ ಜಾಸ್ತಿ ಅದು ಮೊದಲು ಬರತ್ತೆ. ಆದ್ರೆ ಅದರಲ್ಲೂ ಎರಡು ಚೇಷ್ಟೆ ಇದೆ. ಹಸಿ ಚಿಕನ್ನಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರು, ಬೇಯೋ ಮುಂಚಿನ ತೂಕ ಹಾಕೋದ್ರಿಂದ ಪಟ್ಟೀಲಿ ಮೊದಲನೇ ಸ್ಥಾನ ಸಿಗತ್ತೆ, ಒಣಗಿದ ಮೇಲೆ ನಾಲ್ಕನೇದಕ್ಕೋ ಐದನೇದಕ್ಕೋ ಜಾರಿರತ್ತೆ. ಚಿಕನ್ ಮೀಲ್ ಅಂತ ಇದ್ರೆ ಮೂಗು ಮುರೀಬೇಡಿ, ಅದು ನೀರು ತೆಗೆದ ಮಾಂಸ, ಗುಣಮಟ್ಟ ಚೆನ್ನಾಗಿದ್ರೆ ಹಸಿ ಚಿಕನ್‌ಗಿಂತ ಅದೇ ಜಾಸ್ತಿ ಹೊಟ್ಟೆಗೆ ಹೋಗೋದು. ಎರಡನೇ ಚೇಷ್ಟೆ, ಮೆಕ್ಕೆಜೋಳವನ್ನ ಮೂರು ತುಂಡು ಮಾಡಿ ಜೋಳ, ಜೋಳದ ಗ್ಲುಟನ್, ಜೋಳದ ತೌಡು ಅಂತ ಬೇರೆ ಬೇರೆ ಹೆಸರಲ್ಲಿ ಹಾಕೋದು, ಪ್ರತಿಯೊಂದೂ ಕೆಳಗೆ ಹೋಗಿ ಚಿಕನ್ ಮೇಲೆ ನಿಲ್ಲತ್ತೆ, ಮೂರನ್ನೂ ಕೂಡಿಸಿ ನೋಡಿ. ಇನ್ನು ಚಿಕನ್ ಫ್ಲೇವರ್ ಅನ್ನೋ ಪದ ಇದೆಯಲ್ಲ, ಅದಕ್ಕೂ ಚಿಕನ್ನಿಗೂ ಇರೋ ಸಂಬಂಧ ಆರೆಂಜ್ ಕ್ಯಾಂಡಿಗೂ ಕಿತ್ತಳೆ ಹಣ್ಣಿಗೂ ಇರೋ ಸಂಬಂಧ.

ಸರಿ, ದುಡ್ಡಿನ ಲೆಕ್ಕ. ಐದು ಕೆಜಿ ತೂಗೋ ಮೂರು ತಿಂಗಳ ಮರಿಗೆ ದಿನಕ್ಕೆ ಸುಮಾರು 700 ಕಿಲೋ ಕ್ಯಾಲರಿ ಬೇಕು. ಒಂದು ಫುಡ್ಡು ಕೆಜಿ 200 ರೂಪಾಯಿ, ಕೆಜಿಗೆ 3,200 ಕಿಲೋ ಕ್ಯಾಲರಿ ಅಂತ ಇಟ್ಕೊಳ್ಳಿ. ಇನ್ನೊಂದು ಕೆಜಿ 300, ಕೆಜಿಗೆ 3,800. ಮೊದಲನೇದು ದಿನಕ್ಕೆ 219 ಗ್ರಾಂ ಹಾಕ್ಬೇಕು, ಸುಮಾರು 44 ರೂಪಾಯಿ. ಎರಡನೇದು 184 ಗ್ರಾಂ, ಸುಮಾರು 55 ರೂಪಾಯಿ. ಅಂಗಡೀಲಿ ಒಂದೂವರೆ ಪಟ್ಟು ಕಂಡಿದ್ದು ಬಟ್ಟಲಿಗೆ ಬಂದಾಗ ಕಾಲು ಭಾಗದಷ್ಟು ಮಾತ್ರ ಜಾಸ್ತಿ, ದಿನಕ್ಕೆ ಹನ್ನೊಂದು ರೂಪಾಯಿ ಚಿಲ್ಲರೆ. ಆ ಹನ್ನೊಂದು ರೂಪಾಯಿ ಕೊಡಬೇಕಾ ಬೇಡ್ವಾ ಅನ್ನೋದು ನಿಮ್ಮ ಮನೆ ವಿಷಯ, ಆದ್ರೆ ಲೆಕ್ಕ ಗೊತ್ತಿದ್ದು ನಿರ್ಧಾರ ಮಾಡಿ. ಕ್ಯಾಲರಿ ಎಷ್ಟು ಅಂತ ಬರೀದೇ ಇರೋ ಪ್ಯಾಕೆಟ್‌ಗಳೂ ಇವೆ, ಆ ಕಂಪನಿ ನಂಬರ್‌ಗೆ ಫೋನ್ ಮಾಡಿ ಕೇಳಿ, ಹೇಳೋಕೆ ತಡವರಿಸಿದ್ರೆ ಅದೇ ಉತ್ತರ. ದುಡ್ಡಿನ ಮಾತು ಬಂತು ಅಂತ ಹೇಳ್ತೀನಿ, 2017ರಲ್ಲಿ ಜಿಎಸ್‌ಟಿ ಬಂದಾಗ ಹಸುವಿನ ಹಿಂಡಿಗೆ ಸೊನ್ನೆ, ನಾಯಿ ಫುಡ್ ಪ್ಯಾಕೆಟ್ಟಿಗೆ 18% ಹಾಕಿದ್ರು, ಬೀದಿ ಮರಿ ತಂದು ಸಾಕೋರೂ ಅದನ್ನ ಕಟ್ಟಬೇಕಾಯ್ತು.

ಈಗ ಊಟದ ಹೊತ್ತಲ್ಲಿ ಹೇಳಬಾರದ ವಿಷಯ, ಕ್ಷಮಿಸಿ. ಫುಡ್ ಎಷ್ಟು ಜೀರ್ಣ ಆಗ್ತಿದೆ ಅಂತ ಯಾವ ಪ್ಯಾಕೆಟ್ಟೂ ಹೇಳಲ್ಲ, ಮರಿ ಹೇಳತ್ತೆ, ಹಿಂದಿನಿಂದ. ನಮ್ಮನೆ ಮರಿಗೆ ಒಂದು ಸಲ ಎರಡು ಫುಡ್ಡನ್ನ ಎರಡೆರಡು ವಾರ ಹಾಕಿ ದಿನಾ ಕಕ್ಕ ತೂಕ ಮಾಡಿದೀನಿ, ಅಡುಗೆಮನೆ ತಕ್ಕಡೀಲಿ, ಪ್ಲಾಸ್ಟಿಕ್ ಕವರ್ ಸಮೇತ. ಮನೆಯೋಳಿಗೆ ಗೊತ್ತಾದ ದಿನ ಹೊಸ ತಕ್ಕಡಿ ಬಂತು, ಹಳೇದು ನನ್ನ ಪಾಲಾಯ್ತು. ಆದ್ರೆ ಕಂಡಿದ್ದು ಏನಂದ್ರೆ ಅಗ್ಗದ ಫುಡ್ಡಲ್ಲಿ ದಿನಕ್ಕೆ ನಾಲ್ಕೈದು ಸಲ, ಮೆತ್ತಗೆ, ರಾಶಿ. ಇನ್ನೊಂದರಲ್ಲಿ ಎರಡು ಮೂರು ಸಲ, ಎತ್ತಿದ್ರೆ ನೆಲಕ್ಕೆ ಅಂಟ್ಕೊಳ್ಳಲ್ಲ, ತೂಕ ಹೆಚ್ಚುಕಮ್ಮಿ ಅರ್ಧ. ರಾಶಿ ಬಿದ್ದಿದ್ದು ಅಂದ್ರೆ ನೀವು ದುಡ್ಡು ಕೊಟ್ಟು ತಂದಿದ್ದು ಮರಿ ಮೈಗೆ ಹತ್ತದೆ ಹೊರಗೆ ಹೋಯ್ತು ಅಂತ. ನೀವು ತಕ್ಕಡಿ ಎಲ್ಲ ಇಡೋದು ಬೇಡ, ಬೆಳಿಗ್ಗೆ ಎತ್ತುವಾಗ ಗಮನಿಸಿದ್ರೆ ಸಾಕು. ಒಂದು ಷರತ್ತು, ಜಂತುಹುಳದ ಔಷಧಿ ಹಾಕಿರ್ಬೇಕು, ಫುಡ್ಡನ್ನ ಒಂದು ವಾರ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪ ಬೆರೆಸ್ತಾ ಬದಲಾಯಿಸಿರ್ಬೇಕು, ಇಲ್ಲಾಂದ್ರೆ ಲೂಸ್ ಮೋಷನ್ ಆಗಿದ್ದಕ್ಕೆ ಫುಡ್ಡನ್ನ ಬೈಯೋ ಹಾಗಿಲ್ಲ. ಮೋಷನಲ್ಲಿ ರಕ್ತ, ಜೊತೆಗೆ ವಾಂತಿ, ಮರಿ ಮಂಕಾಗಿ ಬಿದ್ಕೊಂಡಿದೆ ಅಂದ್ರೆ ಅದು ಪಾರ್ವೋ ಅನ್ನೋ ವೈರಸ್ ಕಾಯಿಲೆ ಇರಬಹುದು, ಫುಡ್ ಬದಲಾಯಿಸ್ತಾ ಕೂರಬೇಡಿ, ಓಡಿ ಡಾಕ್ಟ್ರ ಹತ್ರ.

ಲೂಸ್ ಅಂದ ತಕ್ಷಣ ನನ್ನ ಪಾಪ ನೆನಪಾಗತ್ತೆ. ಅಂಗಡೀಲಿ 20 ಕೆಜಿ ಮೂಟೆ ಬಿಚ್ಚಿ ಕೆಜಿ ಲೆಕ್ಕದಲ್ಲಿ ಲೂಸ್ ಮಾರ್ತಿದ್ದೆ, ಮೊಹರಿನ ಪ್ಯಾಕೆಟ್‌ಗಿಂತ ಅಗ್ಗ, ತುಂಬ ಜನ ಅದನ್ನೇ ಕೇಳೋರು. ಒಂದು ಜುಲೈ ತಿಂಗಳು, ಮಳೆ ಹಿಡ್ಕೊಂಡಿತ್ತು, ಒಬ್ಬರು ಹೆಂಗಸು ಕವರ್ ವಾಪಸ್ ತಂದ್ರು, ಮರಿ ಮೂಸಿ ಎದ್ದು ಹೋಗ್ತಿದೆ, ತಿಂದ ಸ್ವಲ್ಪಕ್ಕೇ ನಾಲ್ಕು ದಿನ ಹೊಟ್ಟೆ ಕೆಟ್ಟಿತ್ತು ಅಂದ್ರು. ನಾನು ಒಪ್ಲಿಲ್ಲ, ಹವಾಮಾನ ಅಮ್ಮ ಅಂದೆ. ಅವರು ಹೋದ ಮೇಲೆ ಮೂಟೆಗೆ ಕೈ ಹಾಕಿದ್ರೆ ಕೈಗೆಲ್ಲ ಜಿಡ್ಡು, ಮೂಗಿನ ಹತ್ರ ತಂದ್ರೆ ಹಳೇ ಕೊಬ್ಬರಿ ಎಣ್ಣೆ ಥರ ಕಮಟು ವಾಸನೆ. ಬಿಚ್ಚಿ ಎರಡು ತಿಂಗಳಾಗಿತ್ತು. ಆ ಮೇಲಿನ ಒಗ್ಗರಣೆ ಇದೆಯಲ್ಲ, ಗಾಳಿ ತಾಗಿದ್ರೆ ಮೊದಲು ಕೆಡೋದು ಅದೇ. ಅರ್ಧ ಮೂಟೆ ಎಸೆದೆ, ಅವರ ದುಡ್ಡು ವಾಪಸ್ ಕೊಟ್ಟೆ, ಲೂಸ್ ಮಾರೋದು ಮಾತ್ರ ನಿಲ್ಲಿಸೋಕೆ ಇನ್ನೂ ಒಂದು ವರ್ಷ ಬೇಕಾಯ್ತು, ಅದನ್ನೂ ಹೇಳ್ಬಿಡ್ತೀನಿ. ಕಮಟಾಗಿದ್ದು ಮೂಗಿಗೆ ಗೊತ್ತಾಗತ್ತೆ, ಗೊತ್ತಾಗದೇ ಇರೋದು ಬೂಷ್ಟು. ಜೋಳ, ಕಡಲೆಕಾಯಿ ಹಿಂಡಿ ತೇವಕ್ಕೆ ಸಿಕ್ಕಿದ್ರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟತ್ತೆ, ಸೀದಾ ಲಿವರ್‌ಗೆ ಹೊಡೆಯತ್ತೆ, ಬೇಯಿಸಿದ್ರೂ ಹೋಗಲ್ಲ. ಲೂಸ್ ಕವರಲ್ಲಿ ತಯಾರಿಸಿದ ದಿನ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಏನಾದ್ರೂ ಆದ್ರೆ ಯಾರನ್ನ ಕೇಳ್ತೀರಿ?

ಹಂಗಂತ ದೊಡ್ಡ ಮೂಟೆ ಅಗ್ಗ ಅಂತ ಮನೆಗೆ ತಂದ್ರೂ ಅದೇ ಗತಿ. ದಿನಕ್ಕೆ 200 ಗ್ರಾಂ ತಿನ್ನೋ ಮರಿಗೆ 20 ಕೆಜಿ ಅಂದ್ರೆ ನೂರು ದಿನ. ಬಿಚ್ಚಿದ ಮೇಲೆ ಒಂದೂವರೆ ತಿಂಗಳಲ್ಲಿ ಮುಗಿಯೋ ಹಾಗಿರ್ಬೇಕು, ನಮ್ಮ ಮಳೆಗಾಲದಲ್ಲಿ ಇನ್ನೂ ಬೇಗ. ನಮ್ಮ ರಸ್ತೇಲಿ ಮೂರು ಮನೆಯೋರು ಸೇರಿ ಒಂದು ಮೂಟೆ ತರಿಸಿ ಅವತ್ತೇ ಬಿಚ್ಚಿ ಸ್ಟೀಲ್ ಡಬ್ಬಕ್ಕೆ ಹಂಚ್ಕೊಳ್ತಾರೆ, ಲೇಬಲ್ ಫೋಟೋ ಮೂವರ ಫೋನಲ್ಲೂ ಇರತ್ತೆ, ಉಳಿತಾಯ ಅಂದ್ರೆ ಅದು. ಚೀಲ ಒಬ್ಬರಿಗೇ ಆದ್ರೆ ಚೀಲ ಸಮೇತ ಡಬ್ಬದೊಳಗಿಡಿ, ಒಳಗಿನ ಪದರಕ್ಕೆ ಎಣ್ಣೆ ಹಿಡಿದಿಡೋ ಗುಣ ಇದೆ, ಡಬ್ಬಕ್ಕೆ ಸುರಿದು ತೊಳೀದೆ ಮೇಲೆ ಮೇಲೆ ಹೊಸದು ಸುರಿದ್ರೆ ತಳದ ಹಳೇ ಜಿಡ್ಡು ಹೊಸದನ್ನೂ ಕೆಡಿಸತ್ತೆ.

ಇನ್ನು ಕ್ಯಾಲ್ಸಿಯಂ ಸಿರಪ್. ಇದರ ಮೇಲೆ ನನಗೆ ಸಿಟ್ಟಿದೆ, ಯಾಕಂದ್ರೆ ನಾನೇ ಬೇಕಾದಷ್ಟು ಮಾರಿದೀನಿ, ಮರಿ ತಂದೋರ ಬ್ಯಾಗಿಗೆ ಕೇಳದೇನೇ ಒಂದು ಬಾಟ್ಲಿ ಹಾಕ್ತಿದ್ದೆ. ಮರಿ ಫುಡ್ಡಲ್ಲಿ ಕ್ಯಾಲ್ಸಿಯಂ ಆಗಲೇ ಅಳತೆ ಮಾಡಿ ಹಾಕಿರತ್ತೆ, ಆಫ್ಕೋ ಪಟ್ಟಿ ಪ್ರಕಾರ ಕನಿಷ್ಠ 1.2%, ಮೇಲಿನ ಮಿತಿ 2.5%, ದೊಡ್ಡದಾಗೋ ತಳಿಗೆ 1.8% ದಾಟಬಾರದು. ದೊಡ್ಡದು ಅಂದ್ರೆ ಬೆಳೆದ ಮೇಲೆ 32 ಕೆಜಿ ದಾಟೋದು, ಲ್ಯಾಬ್ರಡಾರ್ ಗಂಡು, ಜರ್ಮನ್ ಶೆಪರ್ಡ್, ರಾಟ್‌ವೈಲರ್ ಎಲ್ಲ ಆ ಗೆರೆ ಆಸುಪಾಸಲ್ಲೋ ಆಚೆಗೋ ಬರತ್ತೆ, ಅವಕ್ಕೆ ಲಾರ್ಜ್ ಬ್ರೀಡ್ ಪಪ್ಪಿ ಅಂತ ಬೇರೆ ಫುಡ್ ಇರೋದು ಬರೀ ವ್ಯಾಪಾರಕ್ಕಲ್ಲ. ಎಳೆ ಮರಿಗೆ ಜಾಸ್ತಿಯಾದ ಕ್ಯಾಲ್ಸಿಯಂ ಬೇಡ ಅಂತ ತಳ್ಳೋ ಶಕ್ತಿ ಇನ್ನೂ ಬಂದಿರಲ್ಲ, ಕೊಟ್ಟಿದ್ದನ್ನೆಲ್ಲ ಹೀರ್ಕೊಳ್ಳತ್ತೆ. 1980ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಹೆಚ್ಚು ಕ್ಯಾಲ್ಸಿಯಂ ಕೊಟ್ಟು ನೋಡಿದಾಗ ಮೂಳೆ ಕೀಲು ಸರಿಯಾಗಿ ಬೆಳೀಲಿಲ್ಲ. ಡಾಕ್ಟ್ರು ಬರೆದುಕೊಟ್ರೆ ಕೊಡಿ, ಅಂಗಡಿಯೋನು ಕೊಟ್ರೆ ಕೌಂಟರ್ ಮೇಲೇ ಬಿಟ್ಟು ಬನ್ನಿ, ನಿಮ್ಮ ತಿಂಗಳ ಬಜೆಟ್ಟಲ್ಲಿ ಅಷ್ಟು ಉಳೀತು.

ಇದರ ಉಲ್ಟಾ ಕಥೆ ಮನೆ ಅನ್ನದ್ದು. ನಮ್ಮ ತಾತನ ಕಾಲದಲ್ಲಿ ಮುದ್ದೆ ಸಾರಲ್ಲೇ ನಾಯಿ ಬೆಳೀಲಿಲ್ವಾ ಅಂತ ಕೇಳ್ತಾರೆ. ಬೆಳೀತು, ಆದ್ರೆ ಆ ನಾಯಿ ಊರೆಲ್ಲ ತಿರುಗಿ ಮೂಳೆ, ಇಲಿ, ಕೋಳಿ ಕರುಳು ಎಲ್ಲ ತಿಂದ್ಕೊಂಡು ಬರ್ತಿತ್ತು, ಬದುಕದ ಮರಿಗಳ ಲೆಕ್ಕ ಯಾರೂ ಇಟ್ಟಿಲ್ಲ. ರಾಗೀಲಿ ಕ್ಯಾಲ್ಸಿಯಂ ಜಾಸ್ತಿ ಅನ್ನೋದು ನಿಜ, 100 ಗ್ರಾಂ ಹಿಟ್ಟಿಗೆ ಸುಮಾರು 350 ಮಿಲಿಗ್ರಾಂ, ಮರಿ ಊಟದ ಪ್ರತಿ 100 ಗ್ರಾಂ ಒಣ ಅಂಶದಲ್ಲಿ 1,200 ಬೇಕು. ರಾಗಿ ಕಥೆನೇ ಹಿಂಗಾದ್ರೆ ಮೊಸರನ್ನದ್ದು ನೀವೇ ಯೋಚ್ನೆ ಮಾಡಿ. ಬರೀ ಚಿಕನ್ ಅನ್ನ ಹಾಕೋರ ಮರಿಗಂತೂ ರಂಜಕ, ಅಂದ್ರೆ ಫಾಸ್ಫರಸ್, ಜಾಸ್ತಿಯಾಗಿ ಕ್ಯಾಲ್ಸಿಯಂ ಮೂಳೆಯಿಂದಲೇ ಕರಗಿ ಹೋಗತ್ತೆ, ಕಾಲು ಬಾಗತ್ತೆ. ಮೊದಲ ವರ್ಷ ಡ್ರೈ ಫುಡ್ ಮುಖ್ಯ ಊಟ ಆಗಿರಲಿ, ಮನೇದು ಹತ್ತರಲ್ಲಿ ಒಂದು ಪಾಲು ಸಾಕು, ಒಂದು ಬೇಯಿಸಿದ ಮೊಟ್ಟೆ, ಎರಡು ತುತ್ತು ಅನ್ನ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಚಾಕಲೇಟ್ ಬೇಡವೇ ಬೇಡ.

ಒಬ್ಬರು ಕೇಳಿದ್ರು, ನಮ್ಮನೇಲಿ ಮೊಟ್ಟೆನೂ ತರಲ್ಲ, ಹಸಿರು ಚುಕ್ಕಿ ಇರೋ ಫುಡ್ ಹಾಕಬಹುದಾ ಅಂತ. ನಾಯಿ ಬೆಕ್ಕಿನ ಥರ ಮಾಂಸ ಬಿಟ್ರೆ ಸಾಯೋ ಪ್ರಾಣಿ ಅಲ್ಲ, ಆದ್ರೆ ಅದೇ ಹಿಂದುಗಡೆ ಲೇಬಲ್ ನೋಡಿ, ಸಸ್ಯಾಹಾರಿ ಪ್ಯಾಕೆಟ್‌ನಲ್ಲಿ ಅಡಲ್ಟ್ ಅಂತ ಬರೆದಿದ್ರೆ ಅದು ಮರಿಗೆ ಆಗಲ್ಲ. ಮರಿಗೂ ಆಗತ್ತೆ ಅಂತ ಬರೆದಿರೋದು ಸಿಗದಿದ್ರೆ ಮೊದಲ ವರ್ಷ ಒಂದು ಕಂದು ಚುಕ್ಕಿ ಚೀಲ ಬಾಲ್ಕನೀಲಿ ಇಟ್ಕೊಳ್ಳಿ ಅಂದೆ, ಅವರು ಅತ್ತೆಯೋರನ್ನ ಕೇಳ್ಬೇಕು ಅಂದ್ರು.

ಎಷ್ಟು ಹಾಕ್ಬೇಕು ಅನ್ನೋದಕ್ಕೆ ಪ್ಯಾಕೆಟ್ ಚಾರ್ಟ್ ಶುರುವಿಗೆ ಮಾತ್ರ, ಆಮೇಲೆ ಪಕ್ಕೆ ಮುಟ್ಟಿ ನೋಡಿ. ನಿಮ್ಮ ಕೈ ಚಾಚಿ, ಇನ್ನೊಂದು ಕೈಯಿಂದ ಹಿಂಗೈ ಸವರಿ, ಬೆರಳಿನ ಮೂಳೆ ತೆಳು ಚರ್ಮದಡಿ ಸಿಗತ್ತಲ್ಲ, ಮರಿ ಪಕ್ಕೆ ಹಂಗಿರ್ಬೇಕು. ಮುಷ್ಟಿ ಗೆಣ್ಣಿನ ಥರ ಎದ್ದಿದ್ರೆ ಸಣ್ಣ ಆಗಿದೆ, ಅಂಗೈ ಥರ ಮೆತ್ತಗಿದ್ರೆ ದಪ್ಪ. ಮುಧೋಳದ ಮರಿ ತಂದಿರೋರು ಒಬ್ಬರಿದ್ರು, ಅವಕ್ಕೆ ಪಕ್ಕೆ ಕಾಣೋದೇ ಲಕ್ಷಣ, ತುಂಬಿಸೋಕೆ ಹೋಗಬೇಡಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನ ಎರಡು ಗುಂಪು ಮಾಡಿ ಒಂದಕ್ಕೆ ಕಾಲು ಭಾಗ ಕಮ್ಮಿ ಊಟ ಹಾಕ್ತಾ ಜೀವಮಾನ ಪೂರ್ತಿ ನೋಡಿದ್ರು, 2002ರಲ್ಲಿ ಫಲಿತಾಂಶ ಬಂತು, ಕಮ್ಮಿ ತಿಂದ ಗುಂಪು ಹತ್ತಿರ ಹತ್ತಿರ ಎರಡು ವರ್ಷ ಜಾಸ್ತಿ ಬದುಕಿತ್ತು. ಫುಡ್ಡೂ ಅದೇ, ಚೀಲನೂ ಅದೇ, ಅಳತೆ ಲೋಟ ಮಾತ್ರ ಬೇರೆ.

ಕೊನೆಗೆ ಹಿಂದಿನ ಸಾಲಲ್ಲಿ ನಿಂತಿದ್ದ ಒಬ್ಬ ಪಿಯುಸಿ ಹುಡುಗ ಕೈ ಎತ್ತಿದ. ಕಾರಿನ ಕೆಳಗೆ ಸಿಕ್ಕ ಬೀದಿ ಮರಿ, ಎರಡು ತಿಂಗಳದ್ದು, ಮೂರು ಕೆಜಿ, ದಿನಕ್ಕೆ ನಲವತ್ತು ರೂಪಾಯಿ ಮೇಲೆ ಮನೇಲಿ ಕೊಡಲ್ಲ, ಡ್ರೈ ಫುಡ್ ನಮ್ಮಂಥೋರಿಗಲ್ಲ ಅಲ್ವಾ ಅಂಕಲ್ ಅಂದ. ಈಗ ಏನು ಹಾಕ್ತಿದೀಯ ಅಂದೆ. ಅರ್ಧ ಲೀಟರ್ ಹಾಲು, ಎರಡು ಪ್ಯಾಕ್ ಹತ್ತು ರೂಪಾಯಿ ಬಿಸ್ಕತ್ತು, ಹೊಟ್ಟೆ ಸ್ವಲ್ಪ ಲೂಸ್ ಇದೆ ಅಂದ. ಕೂಡಿಸು ಅಂದೆ, ಕೂಡಿಸ್ತಾ ಕೂಡಿಸ್ತಾ ಅವನ ಮುಖ ಬದಲಾಯ್ತು, ನಲವತ್ತು ದಾಟಿತ್ತು. ಮೂರು ಕೆಜಿ ಮರಿಗೆ 480 ಕಿಲೋ ಕ್ಯಾಲರಿ, ಕೆಜಿಗೆ 220 ರೂಪಾಯಿದು ಒಂದು ಸಾಧಾರಣ ಪಪ್ಪಿ ಫುಡ್ 140 ಗ್ರಾಂ, ದಿನಕ್ಕೆ 31 ರೂಪಾಯಿ, ನಾಲ್ಕು ಸಲ ಹಂಚಿ ಬೆಚ್ಚಗಿನ ನೀರಲ್ಲಿ ನೆನೆಸಿ ಕೊಡು ಅಂದೆ. ಹಂಗಾದ್ರೆ ದಿನಾ ಒಂಬತ್ತು ರೂಪಾಯಿ ಉಳಿಯತ್ತೆ ಅಂದ. ಉಳಿಯಲ್ಲಪ್ಪ, ಆರನೇ ತಿಂಗಳಿಗೆ ಅದು ಹತ್ತು ಕೆಜಿ ಆದ್ರೆ ಐವತ್ತು ರೂಪಾಯಿದು ತಿನ್ನತ್ತೆ, ಈಗ ಉಳಿದಿದ್ದನ್ನ ಜಂತುಹುಳದ ಔಷಧಿಗೂ ಇಂಜೆಕ್ಷನ್ನಿಗೂ ಎತ್ತಿಡು ಅಂದೆ. 140 ಅಂತ ಪೆನ್ನಲ್ಲಿ ಅಂಗೈ ಮೇಲೆ ಬರ್ಕೊಂಡು ಹೋದ.